ಕುರ್ಚಿ ಇಳಿದ ಮೇಲೆ ಹೇಳಿದರೆ ಸುಳ್ಳಾಗುತ್ತಾ?

ಪುಲ್ವಾಮಾ ಮಾತೆತ್ತಿದರೆ ಸಾಕು, ನಮ್ಮ ಕಡೆ ಟೀ ಅಂಗಡಿಯಲ್ಲೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಒಂದೇ ಉತ್ತರ: ಸತ್ಯಪಾಲ್ ಮಲಿಕ್ ಅಧಿಕಾರದಲ್ಲಿದ್ದಾಗ ಯಾಕೆ ಬಾಯಿ ಬಿಡಲಿಲ್ಲ? 2023ರ ಏಪ್ರಿಲ್‌ನಲ್ಲಿ, ನಮ್ಮ ವಿಧಾನಸಭಾ ಚುನಾವಣೆ ಕಾವೇರಿದ್ದಾಗ, ಅಮಿತ್ ಶಾ ಕೇಳಿದ್ದೂ ಇದನ್ನೇ.

2019ರ ಫೆಬ್ರವರಿ 14. ಜಮ್ಮುವಿನಿಂದ ಶ್ರೀನಗರಕ್ಕೆ 78 ವಾಹನಗಳಲ್ಲಿ ಸುಮಾರು 2,500 ಸಿಆರ್‌ಪಿಎಫ್ ಯೋಧರು ಹೊರಟಿದ್ದರು. ಸ್ಫೋಟಕ ತುಂಬಿದ ಕಾರು ಬಂದು ಬಸ್ಸಿಗೆ ಗುದ್ದಿತು. 40 ಜನ ಸತ್ತರು. ಅವರಲ್ಲೊಬ್ಬರು ನಮ್ಮ ಪಕ್ಕದ ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು. ಕೊಂದದ್ದು ಜೈಷ್-ಎ-ಮೊಹಮ್ಮದ್. ಅದರಲ್ಲಿ ನಮಗೆ ಎರಡು ಮಾತಿಲ್ಲ.

ಆಗ ಜಮ್ಮು ಮತ್ತು ಕಾಶ್ಮೀರದ ರಾಜ್ಯಪಾಲರು ಇದೇ ಮಲಿಕ್. ನಾಲ್ಕು ವರ್ಷದ ಮೇಲೆ ಪತ್ರಕರ್ತ ಕರಣ್ ಥಾಪರ್ ಮುಂದೆ ಅವರು ಹೇಳಿದ್ದಿಷ್ಟು: ಸಿಆರ್‌ಪಿಎಫ್ ವಿಮಾನ ಕೇಳಿತ್ತು, ಗೃಹ ಸಚಿವಾಲಯ ಕೊಡಲಿಲ್ಲ. ಹೆದ್ದಾರಿಗೆ ಸೇರುವ ಅಡ್ಡರಸ್ತೆಗಳಿಗೆ ಕಾವಲಿರಲಿಲ್ಲ. ಇದು ನಮ್ಮದೇ ತಪ್ಪು ಎಂದಾಗ ಪ್ರಧಾನಿ ಸುಮ್ಮನಿರಿ ಎಂದರು. ವಿಮಾನ ನಿರಾಕರಿಸಿದ್ದೇವೆ ಎಂಬುದನ್ನು ಸಚಿವಾಲಯ 2019ರಲ್ಲೇ ಅಲ್ಲಗಳೆದಿತ್ತು. ಆಗಲಿ. ಆದರೆ ದಾಳಿ ನಡೆದು ಸರಿಯಾಗಿ ಒಂದು ವಾರಕ್ಕೆ, ಫೆಬ್ರವರಿ 21ರಂದು, ಕಾನ್‌ಸ್ಟೆಬಲ್‌ಗಳೂ ಶ್ರೀನಗರಕ್ಕೆ ವಿಮಾನದಲ್ಲಿ ಹೋಗಬಹುದು ಎಂದು ಅದೇ ಸಚಿವಾಲಯ ಆದೇಶ ಮಾಡಿತು. 7.8 ಲಕ್ಷ ಸಿಬ್ಬಂದಿಗೆ ಅನುಕೂಲ ಎಂದೂ ಹೇಳಿತು. ಮೊದಲೇ ಎಲ್ಲ ಸರಿಯಿದ್ದರೆ ಈ ಆದೇಶ ಯಾಕೆ ಬೇಕಿತ್ತು?

ಹುಣಸೂರು, ಪಿರಿಯಾಪಟ್ಟಣದವರಿಗೆ ನಮ್ಮದೊಂದು ಪ್ರಶ್ನೆ. ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಬಿತ್ತು ಅಂದುಕೊಳ್ಳಿ. ಕೆಲಸ ಬಿಟ್ಟು ಹೋದ ಆಳು ಬಂದು 'ಪೈಪು ಮೊದಲೇ ತೂತಾಗಿತ್ತು' ಅಂದ. ನೀವು ಅವನಿಗೆ ಬಯ್ಯಬಹುದು, ಬಯ್ಯಲೇಬೇಕು. ಆದರೆ ಪೈಪು ನೋಡದೆ ಬಿಡುತ್ತೀರಾ? ಮಲಿಕ್ ತಡ ಮಾಡಿದರು, ನಿಜ. ಆಗ ಅಲ್ಲಿದ್ದದ್ದು ರಾಷ್ಟ್ರಪತಿ ಆಳ್ವಿಕೆ. ಉತ್ತರ ಕೊಡಬೇಕಾದವರಲ್ಲಿ ಅವರೂ ಒಬ್ಬರು. 2025ರ ಆಗಸ್ಟ್ 5ರಂದು ತೀರಿಕೊಂಡರು. ಪ್ರಶ್ನೆ ತೀರಿಕೊಂಡಿಲ್ಲ.

ಅಮೆರಿಕದಲ್ಲೂ ಹೀಗೇ ಆಗಿತ್ತು. ಅಧ್ಯಕ್ಷ ಬುಷ್ ಅಲ್ ಖೈದಾ ಬೆದರಿಕೆಯನ್ನು ಹಗುರವಾಗಿ ಕಂಡರು ಎಂದು ಮಾಜಿ ಅಧಿಕಾರಿ ರಿಚರ್ಡ್ ಕ್ಲಾರ್ಕ್ 2004ರಲ್ಲಿ ಹೇಳಿದಾಗ, ಬುಷ್ ಕಡೆಯವರು ಅವರ ಮೇಲೆ ಮುಗಿಬಿದ್ದರು. ಆದರೆ ಅಲ್ಲೊಂದು ಆಯೋಗ ಇತ್ತು. ಕ್ಲಾರ್ಕ್ ಅವರನ್ನೂ, ಬುಷ್ ಸಲಹೆಗಾರ್ತಿ ಕಾಂಡೊಲೀಸಾ ರೈಸ್ ಅವರನ್ನೂ ಎಲ್ಲರೆದುರು ಪ್ರಮಾಣ ಮಾಡಿಸಿ ಕೇಳಿತು, ವರದಿಯನ್ನು ಜನರ ಕೈಗೆ ಕೊಟ್ಟಿತು. ನಮ್ಮಲ್ಲಿ ಎನ್‌ಐಎ 2020ರಲ್ಲಿ 19 ಜನರ ಮೇಲೆ ದೋಷಾರೋಪ ಪಟ್ಟಿ ಹಾಕಿದೆ. ಅದು ದಾಳಿ ಮಾಡಿದವರ ಲೆಕ್ಕ. ಕಾವಲು ಕಾಯಬೇಕಾದವರ ಲೆಕ್ಕ?

2019ರ ಏಪ್ರಿಲ್ 9ರಂದು ಲಾತೂರ್ ಜಿಲ್ಲೆಯ ಸಭೆಯಲ್ಲಿ ಪ್ರಧಾನಿ, ನಿಮ್ಮ ಮೊದಲ ಮತವನ್ನು ಪುಲ್ವಾಮಾ ಹುತಾತ್ಮರಿಗೆ ಅರ್ಪಿಸುತ್ತೀರಾ ಎಂದು ಯುವಕರನ್ನು ಕೇಳಿದರು. ಸತ್ತವರ ಹೆಸರಲ್ಲಿ ಮತ ಕೇಳಬಹುದು, ಸತ್ತದ್ದು ಹೇಗೆ ಅಂತ ಕೇಳಬಾರದು. ಇದ್ಯಾವ ನ್ಯಾಯ?

ನಮ್ಮ ನಾಲ್ಕು ತಾಲ್ಲೂಕಿಗೆ ಮೂವರು ಸಂಸದರು. ಹುಣಸೂರು, ಪಿರಿಯಾಪಟ್ಟಣ ಮೈಸೂರಿಗೆ ಸೇರಿದರೆ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ. ಕೆ.ಆರ್. ನಗರವಂತೂ ಗುರು ಅವರ ಮದ್ದೂರಿನ ಜೊತೆ ಮಂಡ್ಯ ಕ್ಷೇತ್ರದಲ್ಲೇ ಇದೆ. ಅರೆಸೇನಾ ಪಡೆ ಸೇರಬೇಕೆಂದು ನಮ್ಮ ಹುಡುಗರು ಬೆಳಗಿನ ಜಾವ ಎದ್ದು ಓಡುತ್ತಿದ್ದಾರೆ. ಸಂಸದರು ಊರಿಗೆ ಬಂದಾಗ ಹಾರ ಹಾಕುವ ಮೊದಲು ಕೇಳಿ: ವಿಮಾನ ಕೇಳಿದ ಪತ್ರ ಇದೆಯೋ ಇಲ್ಲವೋ, ಆ ಕಡತವನ್ನು ಸಂಸತ್ತಿನ ಮುಂದೆ ಇಡಿಸುತ್ತೀರಾ?