ಮುದಿ ಅರಸನ ವೇಷಕ್ಕೆ ಯಾರು?

ಕಳೆದ ತಿಂಗಳು ಒಂದು ಸಂಜೆ ನಮ್ಮ ಮನೆಯ ಹುಡುಗರು ‘ಟ್ರಿಸ್ಟನ್ ಅಂಡ್ ಐಸೋಲ್ಡ್’ ಎಂಬ 2006ನೆಯ ಇಸವಿಯ ಚಲಚ್ಚಿತ್ರವನ್ನು ನೋಡುತ್ತಿದ್ದರು. ನಾವೂ ಕನ್ನಡಕವನ್ನೇರಿಸಿಕೊಂಡು ಪಕ್ಕದಲ್ಲಿ ಕುಳಿತೆವು. ಅದರಲ್ಲಿ ಐರ್ಲೆಂಡಿನ ಅರಸನ ವೇಷವನ್ನು ಧರಿಸಿದವನು ಗ್ಲಾಸ್ಗೋ ನಗರದಲ್ಲಿ ಹುಟ್ಟಿದ ಡೇವಿಡ್ ಓಹಾರಾ ಎಂಬ ನಟನು. ಇವನೇ 1995ರ ‘ಬ್ರೇವ್‌ಹಾರ್ಟ್’ ಚಿತ್ರದಲ್ಲಿ ಅರೆಹುಚ್ಚನಂಥ ಐರಿಷ್ ಭಟನಾಗಿದ್ದನು. ಹನ್ನೊಂದು ವರ್ಷಗಳಲ್ಲಿ ಭಟಪದವಿಯಿಂದ ರಾಜಪದವಿಗೇರಿದುದು ಅವನ ಭಾಗ್ಯ! ಅವನ ನಟನೆಯಲ್ಲಿ ನಾವು ಕುಂದನ್ನೆಣಿಸೆವು. ಆದರೆ ಪ್ರಾಚೀನ ಐರಿಷ್ ಅರಸನೆಂದರೆ ಗಡ್ಡ, ಗರ್ಜನೆ, ಅಗಲವಾದ ಎದೆ, ನಲವತ್ತರ ಪ್ರಾಯ, ಇಷ್ಟಿದ್ದರೆ ಸಾಕೆಂಬ ಎಣಿಕೆಯನ್ನು ಮಾತ್ರ ಒಪ್ಪಲಾರೆವು.

ಆ ದೇಶದ ಅರಸರಲ್ಲೆಲ್ಲ ಹೆಸರುವಾಸಿಯಾದವನು ಬ್ರಿಯಾನ್ ಬೋರು. 1002ರಲ್ಲಿ ಅಧಿರಾಜನೆನಿಸಿದ ಈತನು 1014ನೆಯ ಏಪ್ರಿಲ್ 23, ಶುಭ ಶುಕ್ರವಾರದಂದು, ಡಬ್ಲಿನ್ನಿನ ಬಳಿಯ ಕ್ಲಾಂಟಾರ್ಫ್ ಕಾಳಗದಲ್ಲಿ ಮಡಿದನು. ಆಗ ಆತನಿಗೆ ಒಂದು ಲೆಕ್ಕದಂತೆ 73 ವರ್ಷ, ಇನ್ನೊಂದರಂತೆ 88. ಹೇಗಾದರೂ ವೃದ್ಧನೇ ಸರಿ. ರಣದಲ್ಲಿ ಸೇನೆಯನ್ನು ನಡೆಸಿದವನು ಮಗ. ಜೊತೆಗೆ ಹದಿನೈದರ ಮೊಮ್ಮಗ. ಮುದುಕನು ಹಿಂದೆ ಡೇರೆಯಲ್ಲಿ ಕುಳಿತು ಸ್ತೋತ್ರಗಳನ್ನು ಪಠಿಸುತ್ತಿದ್ದನಂತೆ. ನಡುನಡುವೆ ಪರಿಚಾರಕನನ್ನು ಕೇಳುವನು: ಮಗನ ಧ್ವಜ ನಿಂತಿದೆಯೇ? ನಿಂತಿದೆ. ಮತ್ತೆ ಪಠನ; ಮತ್ತೆ ಅದೇ ಪ್ರಶ್ನೆ. ಕೊನೆಗೊಮ್ಮೆ ಪರಿಚಾರಕನು ಧ್ವಜ ಬಿದ್ದಿತೆನ್ನುತ್ತಾನೆ. ಅಷ್ಟರಲ್ಲಿ, ಸೋತು ಓಡುತ್ತಿದ್ದ ವೈಕಿಂಗ್ ನಾಯಕನೊಬ್ಬನು ಡೇರೆಗೆ ನುಗ್ಗಿ ಮುದುಕನನ್ನೂ ಕಡಿಯುತ್ತಾನೆ. ಅಜ್ಜ, ಮಗ, ಮೊಮ್ಮಗ ಮೂವರೂ ಒಂದೇ ಹಗಲಿನಲ್ಲಿ. ಇದನ್ನು ಬರೆಯಿಸಿದವರು ಆತನ ವಂಶದವರೇ, ಅದೂ ಸುಮಾರು ನೂರು ವರ್ಷಗಳ ಮೇಲೆ. ಆದುದರಿಂದ ಸ್ವಲ್ಪ ಬಣ್ಣವಿದ್ದೀತು. ಇರಲಿ.

ಈ ವೇಷಕ್ಕೆ ನಲವತ್ತರ ನಟನನ್ನು ತಂದರೇನಾಗುವುದು? ಹದಿನೈದರ ಹುಡುಗನು ಕಾದುತ್ತಿರುವಾಗ ಈ ಗಟ್ಟಿಮುಟ್ಟಾದವನು ಡೇರೆಯಲ್ಲೇಕೆ ಕುಳಿತನೆಂದು ಹಿಂದಿನ ಸಾಲಿನ ಪ್ರೇಕ್ಷಕನು ಕೂಡ ಕೇಳಿಯಾನು. ಅರಸನು ಹೇಡಿಯಾಗುವನು, ಇಲ್ಲವೆ ನಿರ್ದೇಶಕನು ಗಾಬರಿಗೊಂಡು ಕೈಗೆ ಕತ್ತಿಯನ್ನು ಕೊಟ್ಟು ರಣಕ್ಕೆ ತಳ್ಳುವನು. ಆಗ ಧ್ವಜದ ಪ್ರಶ್ನೆಯನ್ನು ಕೇಳುವವರಾರು? ನಮಗೂ ಅರುವತ್ತು ಸಂದಿತು. ಮಕ್ಕಳನ್ನು ಊರಾಚೆ ಕಳುಹಿಸಿ ಮನೆಯಲ್ಲಿ ಕುಳಿತು ಸುದ್ದಿ ಕೇಳುವುದು ಎಂಥದೆಂಬುದನ್ನು ಬಲ್ಲೆವು. ಕದಲದೆ, ಮುಖ ಮಾತ್ರದಿಂದ ಅದನ್ನು ತೋರಿಸಬೇಕು. ಬಾಲನು ವೃದ್ಧನ ವೇಷ ತಾಳುವುದನ್ನು ಭರತಮುನಿಯು ‘ವಿರೂಪ’ವೆಂದು ಬೇರೆಯಾಗಿಯೇ ಹೆಸರಿಸಿದ್ದಾನೆ.

ಇನ್ನೊಂದು ಮಾತು. ಅರಸನೆಂದೊಡನೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಕೆನ್ನೆಯ ಮೇಲೆ ಗಾಯ ಬರೆಯುವ ಚಾಳಿಯುಂಟಷ್ಟೆ. ಐರಿಷರಲ್ಲಿ ಅಂಗಹೀನನಿಗೆ ರಾಜ್ಯವಿಲ್ಲ. ಏಳನೆಯ ಶತಮಾನದಲ್ಲಿ ಕೊಂಗಲ್ ಎಂಬ ಅರಸನು ಜೇನುಹುಳು ಕಚ್ಚಿ ಕಣ್ಣು ಕಳೆದುಕೊಂಡು, ಆ ಕಾರಣಕ್ಕೇ ಟಾರಾದ ಅರಸುತನದಿಂದ ಇಳಿಯಬೇಕಾಯಿತೆಂದು ಅವರ ಜೇನಿನ ಧರ್ಮಶಾಸ್ತ್ರದಲ್ಲಿಯೇ ಹೇಳಿದೆ. ಧೃತರಾಷ್ಟ್ರನ ಕಥೆಯನ್ನು ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುದುಕನಿರಲಿ, ಆದರೆ ಎರಡೂ ಕಣ್ಣು ನೆಟ್ಟಗಿರಲಿ.

ಹಾಗಾದರೆ ಯಾರು? 1981ರ ‘ಎಕ್ಸ್‌ಕ್ಯಾಲಿಬರ್’ ಚಿತ್ರವನ್ನು ಐರ್ಲೆಂಡಿನಲ್ಲಿಯೇ ತೆಗೆದರು. ಅದರಲ್ಲಿ ಗೇಬ್ರಿಯಲ್ ಬರ್ನನು ಆರ್ಥರನ ತಂದೆಯಾಗಿಯೂ ಲಿಯಮ್ ನೀಸನನು ಗವೈನನೆಂಬ ವೀರನಾಗಿಯೂ ಬ್ರಿಟನ್ನಿನ ಕಥೆಗೆ ತಮ್ಮ ತಾರುಣ್ಯವನ್ನು ಕೊಟ್ಟರು. ಇಬ್ಬರೂ ಐರ್ಲೆಂಡಿನಲ್ಲಿ ಹುಟ್ಟಿದವರು. ಇಬ್ಬರೂ ಈಗ ಎಪ್ಪತ್ತನ್ನು ದಾಟಿದ್ದಾರೆ. ಮನೆಯ ಹುಡುಗರ ಮತ ನೀಸನನಿಗೆ. ನಮ್ಮ ಮತ ಬರ್ನನಿಗೆ. ಡಬ್ಲಿನ್ನಿನವನು, ಕ್ಲಾಂಟಾರ್ಫ್ ಅವನ ಊರಿನದೇ ಭಾಗ. ಯಾರಾದರೂ ಆಗಲಿ, ಗಡ್ಡಕ್ಕೆ ಮಾತ್ರ ಕಪ್ಪು ಬಳಿಯದಿರಲಿ.