ಚಿತ್ರಪಟದೊಳಗಿನ ಅಪರಾಧ: ದುರ್ಗದ ರಾಮಾಚಾರಿಯ ವಿಚಾರ

ಸಿನೆಮಾ ನೋಡಿ ಹುಡುಗರು ಕೆಡುವರೆಂಬ ದೂರು ಗೃಹಸ್ಥರ ಮನೆಗಳಲ್ಲಿ ಹೊಸದಲ್ಲ. ಸರಕಾರಗಳೂ ಈ ದೂರಿಗೆ ಕಿವಿಗೊಟ್ಟು ವಿಚಾರಣೆ ನಡೆಯಿಸಿದುದುಂಟು. 1927ರಲ್ಲಿ ಭಾರತ ಸರಕಾರವು ದಿವಾನ್ ಬಹದ್ದೂರ್ ಟಿ. ರಂಗಾಚಾರಿಯರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಅದು ಊರೂರು ಸುತ್ತಿ ನೂರಾರು ಸಾಕ್ಷಿಗಳ ಅಭಿಪ್ರಾಯವನ್ನು ಪಡೆದು, 1928ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಅಮೆರಿಕಾ ದೇಶದಲ್ಲಿ ಬ್ಲೂಮರ್ ಮತ್ತು ಹೌಸರ್ ಎಂಬ ಸಮಾಜಶಾಸ್ತ್ರಜ್ಞರ ಗ್ರಂಥವು 1933ರಲ್ಲಿ ಅಚ್ಚಾಯಿತು. ತಾವು ವಿಚಾರಿಸಿದ ಅಪರಾಧಿಗಳ ಪೈಕಿ ಗಂಡಸರಲ್ಲಿ ನೂರಕ್ಕೆ ಸುಮಾರು 10 ಮಂದಿಯೂ ಹೆಂಗಸರಲ್ಲಿ ಸುಮಾರು 25 ಮಂದಿಯೂ ದಾರಿ ತಪ್ಪುವುದರಲ್ಲಿ ಚಿತ್ರಗಳ ಪಾತ್ರವಿತ್ತೆಂದು ಅವರು ಬರೆದರು. ಆ ಅಪರಾಧಿಗಳು ತಾವೇ ಹೇಳಿಕೊಂಡ ಮಾತುಗಳನ್ನು ಅವರು ಬಹಳವಾಗಿ ನಂಬಿದ್ದರು. ಬಂಧನದಲ್ಲಿರುವವನು ತನ್ನ ತಪ್ಪಿನ ಭಾರವನ್ನು ಇನ್ನೊಂದರ ತಲೆಗೆ ಕಟ್ಟಲು ಹಿಂಜರಿಯುವನೆ?

ಈಚಿನ ವಿದ್ವಾಂಸರು ಪ್ರಶ್ನೆಯನ್ನೇ ತಿರುಗಿಸಿರುವರು. ಚಿತ್ರವು ನಮ್ಮ ಮಕ್ಕಳನ್ನು ಏನು ಮಾಡುವುದೆಂದು ಕೇಳುವ ಬದಲು, ಅಪರಾಧವೆಂದರೆ ಏನು, ಅದಕ್ಕೆ ಯಾರು ಹೊಣೆ ಎಂಬುದಾಗಿ ಚಿತ್ರವು ನಮಗೆ ಕಲಿಸುವುದೇನು ಎಂದು ಅವರು ಕೇಳುತ್ತಾರೆ. ಅಮೆರಿಕಾದ ಅಪರಾಧಶಾಸ್ತ್ರಜ್ಞೆ ನಿಕೋಲ್ ರಾಫ್ಟರ್ ಅವರು 2000ದಲ್ಲಿ ಈ ವಿಷಯವಾಗಿ ಗ್ರಂಥವೊಂದನ್ನು ಬರೆದರು. 2011ರಲ್ಲಿ ಮಿಶೆಲ್ ಬ್ರೌನ್ ಅವರೊಡನೆ ಸೇರಿ ಬರೆದ ಮತ್ತೊಂದರಲ್ಲಿ, ಅಪರಾಧಶಾಸ್ತ್ರದ ಒಂದೊಂದು ಸಿದ್ಧಾಂತವನ್ನೂ ಚಿತ್ರಗಳ ಪಕ್ಕದಲ್ಲಿಟ್ಟು ಪರಿಶೀಲಿಸಿದರು. ಜನಸಾಮಾನ್ಯರು ಅಪರಾಧಶಾಸ್ತ್ರವನ್ನು ಕಲಿಯುವುದು ಪಾಠಶಾಲೆಯಲ್ಲಲ್ಲ, ಚಿತ್ರಮಂದಿರದಲ್ಲಿಯೇ ಎಂಬುದು ಅವರ ಇಂಗಿತ.

ಈ ಕ್ರಮವನ್ನು ಪರೀಕ್ಷಿಸಿ ನೋಡಲು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವಾಚಕರು ದೂರ ಹೋಗಬೇಕಾದುದಿಲ್ಲ. ಚಿತ್ರದುರ್ಗದ ಕೋಟೆಯೇ ರಂಗಸ್ಥಳವಾಗಿರುವ ‘ನಾಗರಹಾವು’ ಚಿತ್ರವು ಸಾಕು. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಈ ಚಿತ್ರವು 1972ರ ಡಿಸೆಂಬರಿನಲ್ಲಿ ತೆರೆಕಂಡಿತು. ವಿಷ್ಣುವರ್ಧನರು ನಾಯಕರಾಗಿ ಪ್ರಸಿದ್ಧಿಗೆ ಬಂದುದು ಇದರಿಂದಲೇ. (ಕಾದಂಬರಿಕಾರರಿಗೆ ಚಿತ್ರವು ಮೆಚ್ಚಿಗೆಯಾಗಲಿಲ್ಲವೆಂಬುದೂ ಪ್ರಸಿದ್ಧವೇ, ಅದು ಬೇರೆ ವ್ಯಾಜ್ಯ.)

ಕಥೆಯ ಮೊದಲಿನಲ್ಲಿಯೇ ಕಾಲೇಜಿನ ಹುಡುಗನಾದ ರಾಮಾಚಾರಿಯು ಪರೀಕ್ಷೆಯಲ್ಲಿ ನಕಲು ಮಾಡಲು ಹೋಗಿ ಸಿಕ್ಕಿಬೀಳುವನು. ಪ್ರಿನ್ಸಿಪಾಲರು ಅವನನ್ನು ಹೊರಗೆ ಹಾಕುವರು. ರಾತ್ರಿ ಅವನು ಅವರ ಮನೆಗೆ ಕಲ್ಲೆಸೆದು, ಹೊರಗೆ ಬಂದ ವೃದ್ಧರನ್ನು ಅರೆಬೆತ್ತಲೆಯಾಗಿ ಕಂಬಕ್ಕೆ ಕಟ್ಟಿ ಓಡುವನು. ದಂಡಸಂಹಿತೆಯ ಕಣ್ಣಿನಲ್ಲಿ ಇದು ನಿಸ್ಸಂದೇಹವಾಗಿ ಅಪರಾಧ. ಆದರೆ ಚಿತ್ರಮಂದಿರದಲ್ಲಿ ಕುಳಿತವನು ನಗುವನು. ಹುಡುಗನ ಪಕ್ಷವನ್ನೇ ವಹಿಸುವನು. ನಿರ್ದೇಶಕರು ಅವಮಾನದ ಉರಿಯನ್ನು ನಮಗೆ ಮೊದಲು ತೋರಿಸಿ, ಕೃತ್ಯವನ್ನು ಆಮೇಲೆ ತೋರಿಸಿರುವುದೇ ಇದಕ್ಕೆ ಕಾರಣ.

ಊರಿನವರಿಗೆ ಅವನು ಪುಂಡ. ಚಾಮಯ್ಯ ಮೇಷ್ಟ್ರೊಬ್ಬರಿಗೆ ಮಾತ್ರ ಅವನು ಒಳ್ಳೆಯ ಹುಡುಗ. ಒಬ್ಬನನ್ನು ಕೆಟ್ಟವನೆಂದು ಹೆಸರಿಟ್ಟು, ಎಲ್ಲರ ಮುಂದೆ ಬೊಟ್ಟುಮಾಡಿ ತೋರಿಸುತ್ತ ಹೋದರೆ ಅವನು ಆ ಹೆಸರಿಗೆ ತಕ್ಕವನೇ ಆಗುವನೆಂದು ಫ್ರ್ಯಾಂಕ್ ಟ್ಯಾನೆನ್‌ಬಾಮ್ ಎಂಬಾತನು 1938ರಲ್ಲಿಯೇ ಪ್ರತಿಪಾದಿಸಿದ್ದನು. 1963ರಲ್ಲಿ ಹೊವಾರ್ಡ್ ಬೆಕರ್ ಇದನ್ನು ವಿಸ್ತರಿಸಿದನು. ರಾಮಾಚಾರಿಯ ಕಥೆಗೆ ಈ ಸಿದ್ಧಾಂತವು ಅಳತೆಗೆ ಹೊಲಿದ ಅಂಗಿಯಂತೆ ಹೊಂದುವುದು. ಆದರೆ ಅಲ್ಲಿಗೇ ನಿಂತರೆ ಚಿತ್ರದ ಅರ್ಧ ಮಾತ್ರ ಕಂಡಂತೆ; ಏಕೆಂದರೆ ಅವನನ್ನು ಪುಂಡನೆಂದು ಕರೆದವರಿಗಿಂತ, ಒಳ್ಳೆಯವನೆಂದು ಕರೆದ ಮೇಷ್ಟ್ರಿಂದಲೇ ಅವನಿಗೆ ಹೆಚ್ಚಿನ ಕೇಡು ಒದಗಿತು.

ಅದು ಹೇಗೆಂದರೆ: ಬೀದಿಯ ಪುಂಡ ಜಲೀಲನು ಅಲಮೇಲುವನ್ನು ಕಾಡಿಸುವನು. ರಾಮಾಚಾರಿಯು ಅವನನ್ನು ಹೊಡೆದು ಓಡಿಸುವನು. ಇಬ್ಬರಲ್ಲಿಯೂ ಪ್ರೇಮವು ಬೆಳೆಯುವುದು. ಸಂಬಂಧವು ಸಂಪ್ರದಾಯಕ್ಕೆ ಒಪ್ಪದೆಂದು ಚಾಮಯ್ಯನವರು ತ್ಯಾಗದ ಉಪದೇಶ ಮಾಡಿ ಶಿಷ್ಯನನ್ನು ಒಪ್ಪಿಸುವರು. ಅಲಮೇಲುವಿಗೆ ಬೇರೊಬ್ಬನೊಡನೆ ಮದುವೆಯಾಗುವುದು. ವರ್ಷಗಳು ಕಳೆದ ಮೇಲೆ ರಾಮಾಚಾರಿಯು ಅವಳನ್ನು ದೊಡ್ಡ ಹೋಟಲೊಂದರಲ್ಲಿ ಕಾಣುವನು; ಕೈಹಿಡಿದ ಗಂಡನೇ ಅವಳನ್ನು ವೇಶ್ಯಾವೃತ್ತಿಗೆ ದೂಡಿರುತ್ತಾನೆ. ಬೀದಿಯ ಪುಂಡನಿಂದ ಉಳಿದ ಹೆಣ್ಣು, ಹಿರಿಯರು ಮಂಗಳವಾದ್ಯದೊಡನೆ ಧಾರೆಯೆರೆದು ಕೊಟ್ಟ ವರನ ಕೈಯಲ್ಲಿ ಹಾಳಾದಳು. ಕನ್ಯೆಯರನ್ನು ಕೊಡುವ ಮನೆಯವರು ಈ ಭಾಗವನ್ನು ಇನ್ನೊಮ್ಮೆ ನೋಡತಕ್ಕುದು.

ಇದೇ ಚಿತ್ರದಲ್ಲಿ ಇದೇ ಕೋಟೆಯೊಳಗೆ ಓಬವ್ವನ ಪ್ರಸಂಗವೂ ಉಂಟು. ಹೈದರಾಲಿಯ ಮುತ್ತಿಗೆಯಲ್ಲಿ ಕಿಂಡಿಯಿಂದ ನುಸುಳಿ ಬಂದ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಹೊಡೆದು ಕೊಂದ ಕಾವಲುಗಾರನ ಹೆಂಡತಿಯನ್ನು ಜಯಂತಿಯವರು ಅಭಿನಯಿಸಿರುವರು. ಅಷ್ಟೊಂದು ಹೆಣಗಳು ಉರುಳಿದರೂ ಪ್ರೇಕ್ಷಕನು ಕೈಮುಗಿಯುವನು. ಊರಿಗಾಗಿ ಎತ್ತಿದ ಕೈಗೆ ಅಪರಾಧದ ಹೆಸರು ಅಂಟುವುದಿಲ್ಲವಷ್ಟೆ. ತನ್ನ ಮಾನಕ್ಕಾಗಿ ಕೈಯೆತ್ತಿದ ರಾಮಾಚಾರಿಗೆ ಅದೇ ಕೋಟೆಯಲ್ಲಿ ಆ ಆಶ್ರಯವು ದೊರೆಯಲಿಲ್ಲ. ಎರಡನ್ನೂ ಒಂದೇ ಚಿತ್ರದಲ್ಲಿ ಇಟ್ಟವರ ಜಾಣ್ಮೆಯನ್ನು ನಾನು ಬಹಳ ದೊಡ್ಡದೆಂದೆಣಿಸುತ್ತೇನೆ.

ಕಡೆಗೆ ಬೆಟ್ಟದ ಮೇಲೆ, ಮಾರ್ಗರೆಟ್ಟಳನ್ನು ಬಿಡೆಂದು ಮೇಷ್ಟ್ರು ಹಟ ಹಿಡಿದಾಗ, ಅಲಮೇಲುವಿನ ಗತಿಯನ್ನು ಕಂಡಿದ್ದ ಶಿಷ್ಯನು ಈ ಸಲ ಮಣಿಯುವುದಿಲ್ಲ. ಅವನ ಕೈಯ ನೂಕಿಗೆ ಮೇಷ್ಟ್ರು ಉರುಳಿ ಸಾಯುವರು; ಅನಂತರ ಆ ಇಬ್ಬರು ಪ್ರೇಮಿಗಳೂ ಉಳಿಯುವುದಿಲ್ಲ. ಕೊಲ್ಲುವ ಸಂಕಲ್ಪವಿತ್ತೆ, ಇಲ್ಲವೆ ಎಂದು ನ್ಯಾಯಾಲಯವು ಕೇಳಬಹುದಾಗಿತ್ತು. ಆದರೆ ಈ ಕಥೆಯು ಕಟಕಟೆಯವರೆಗೆ ಹೋಗುವುದೇ ಇಲ್ಲ. ತಪ್ಪಿಗೆ ಶಿಕ್ಷೆಯನ್ನು ಬೆಟ್ಟವೇ ಕೊಟ್ಟುಬಿಡುತ್ತದೆ.

ಆ ಗಂಡನ ಮಾತು ಹೇಳುವುದಾದರೆ, ಹೆಂಗಸರನ್ನು ಅನೈತಿಕ ವ್ಯಾಪಾರಕ್ಕೆ ದೂಡುವವರನ್ನು ಶಿಕ್ಷಿಸುವ ಕಾಯಿದೆಯು 1956ರಲ್ಲಿಯೇ ಬಂದಿತ್ತು. ಚಿತ್ರವು ಅವನಿಗೆ ಆ ಕಾಯಿದೆಯನ್ನಾಗಲಿ ಬೆಟ್ಟವನ್ನಾಗಲಿ ತೋರಿಸಲಿಲ್ಲ. ಜಲೀಲನ ವೇಷದಲ್ಲಿ ಮೊದಲ ಬಾರಿಗೆ ತೆರೆಯ ಮೇಲೆ ಬಂದ ಅಂಬರೀಷರನ್ನು ನಾಡೆಲ್ಲ ನೆನೆಯುವುದು. ಅಲಮೇಲುವಿನ ಗಂಡನ ಹೆಸರೇನೆಂದು ಮನೆಯಲ್ಲಿ ಕೇಳಿ ನೋಡಿರಿ.