ತಾಮ್ರದ ನಾಣ್ಯ: ತೂಕವೋ, ಅಕ್ಷರವೋ?

ಹರಿಹರೇಶ್ವರ ದೇವಾಲಯದ ಶಿಲಾಶಾಸನಗಳನ್ನು ಗೌರವಿಸುವವರೇ ಮನೆಯ ಹಳೆಯ ತಾಮ್ರದ ನಾಣ್ಯಗಳನ್ನು ದಾವಣಗೆರೆಯ ಪೇಟೆಯಲ್ಲಿ ತೂಕಕ್ಕೆ ಮಾರುವುದುಂಟು. ಇದು ವಿಷಾದಕರ, ನಾಣ್ಯವೂ ಕಿರಿದಾದೊಂದು ಶಾಸನವೇ ಸರಿ.

ಟಿಪ್ಪುಸುಲ್ತಾನನ ಆಳ್ವಿಕೆಯಲ್ಲಿ (1782–1799) ನೆರೆಯ ಚಿತ್ರದುರ್ಗದ ಟಂಕಸಾಲೆಯೂ ಆನೆಯ ಚಿತ್ರವುಳ್ಳ ಪೈಸೆಗಳನ್ನು ಅಚ್ಚುಹಾಕಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕೆಲವು ಕಾಸುಗಳ ಮೇಲೆ ಕನ್ನಡ, ಪಾರಸಿ, ಇಂಗ್ಲಿಷ್ ಮೂರೂ ಲಿಪಿಗಳಿವೆ. 1843ರಲ್ಲಿ ಬೆಂಗಳೂರಿನ ಟಂಕಸಾಲೆ ಮುಚ್ಚಿತು. ಉಳಿದವುಗಳನ್ನು ಕರಗಿಸಿದರೆ ಮರಳಿ ದೊರೆಯವು.

ನಾಣ್ಯದ ಬೆಲೆ ನಿರ್ಣಯವಾಗುವುದು ಲೋಹದ ಭಾರದಿಂದಲ್ಲ. ಟಂಕಸಾಲೆ, ವರ್ಷ, ವಿರಳತೆ, ಅಕ್ಷರಗಳ ಸ್ಪಷ್ಟತೆ ಇವುಗಳಿಂದ. ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿದರೆ ಬೆಲೆಯೂ ಚರಿತ್ರೆಯೂ ಒಟ್ಟಿಗೆ ಸವೆಯುತ್ತವೆ. ನೆಲದಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬುದು ಕಾನೂನು. ಮನೆತನದಲ್ಲಿ ಉಳಿದುಬಂದುದನ್ನಾದರೋ ದಾನಿಗಳು ಶಾಲೆಗೆ ಒಪ್ಪಿಸಲಿ; ಮಕ್ಕಳು ಅಂಗೈಯಲ್ಲಿಯೇ ನಾಡಿನ ಇತಿಹಾಸವನ್ನು ಓದಲಿ.